ನೇಚರಿಸ್ಟ್ ಅತಿಥಿಗಳು ಕೇಳಿದ ಪ್ರಶ್ನೆ: ಬಟ್ಟೆ ಇಲ್ಲದ ಕ್ಯಾಂಪ್ ಅಂದರೇನು?

ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ ನಮ್ಮದೊಂದು ಹೋಂಸ್ಟೇ ಇದೆ. ಮೂರೇ ಕೋಣೆ. ಎದುರಿಗೆ ಅಡಿಕೆ ತೋಟ, ಹಿಂದೆ ಹಳ್ಳ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಫ್ರಾನ್ಸಿನ ಗಂಡ ಹೆಂಡತಿಯಿಂದ ಒಂದು ಮೇಲ್ ಬಂತು. ಇಬ್ಬರೂ ಅರವತ್ತು ದಾಟಿದವರು. 'ನಾವು ನೇಚರಿಸ್ಟ್‌ಗಳು, ನಿಮ್ಮ ತೋಟದಲ್ಲಿ ಅದಕ್ಕೆ ಅವಕಾಶ ಇದೆಯೇ?' ಅಂತ ಕೇಳಿದ್ದರು.

ನಾನು ಓದಿದ್ದು ನೇಚರಲಿಸ್ಟ್ ಅಂತ. ಹಕ್ಕಿ, ಕಪ್ಪೆ, ಚಿಟ್ಟೆ ನೋಡಲು ಬರುವವರು ನಮಗೆ ಹೊಸಬರಲ್ಲ. 'ಧಾರಾಳವಾಗಿ ಬನ್ನಿ. ಬೆಳಿಗ್ಗೆ ಆರಕ್ಕೇ ಶುರು ಮಾಡಬಹುದು. ತೋಟದ ಕೆಲಸದವರೂ ಜೊತೆಗೆ ಬರುತ್ತಾರೆ, ಅವರಿಗೆ ಇದೆಲ್ಲ ಚೆನ್ನಾಗಿ ಗೊತ್ತು' ಅಂತ ಉತ್ತರ ಬರೆದೆ. ಮಂಗಟ್ಟೆ ಹಕ್ಕಿಯ ಫೋಟೋ ಬೇರೆ ಕಳಿಸಿದೆ.

ಅವರ ಮರು ಉತ್ತರದಲ್ಲಿ ಸಂತೋಷದ ಜೊತೆಗೆ ಸ್ವಲ್ಪ ಗಾಬರಿಯೂ ಇತ್ತು. ನನಗೆ ಏನೋ ತಪ್ಪಿದೆ ಅನ್ನಿಸಿತು. ಜರ್ಮನಿಯಲ್ಲಿರುವ ತಮ್ಮನಿಗೆ ಕಳಿಸಿ ನೋಡೋ ಅಂದೆ. ಅವನು ಫೋನ್ ಮಾಡಿ ಮೊದಲು ಐದು ನಿಮಿಷ ನಕ್ಕ. 'ಅಕ್ಕಾ, ಮಾರಾಯ್ತಿ, ಅವ್ರು ಬಟ್ಟೆ ಹಾಕದೇ ಇರೋಕೆ ಜಾಗ ಉಂಟಾ ಅಂತ ಕೇಳ್ತಿರೋದು!'

ಇದನ್ನು ನಮ್ಮ ಹೋಂಸ್ಟೇಯವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ಇನ್ನಿಬ್ಬರಿಗೂ ಇಂಥದೇ ಮೇಲ್ ಬಂದಿತ್ತಂತೆ. ಒಬ್ಬರು ಹೆದರಿ ಅಳಿಸಿದ್ದರು. ಇನ್ನೊಬ್ಬರು ನನ್ನ ಹಾಗೇ ಹಕ್ಕಿ ಪಟ್ಟಿ ಕಳಿಸಿದ್ದರು. ಹೊರದೇಶದ ಅತಿಥಿಗಳು ಬರುವ ಊರಿನಲ್ಲಿ ಈ ಪದದ ಅರ್ಥ ಗೊತ್ತಿರುವುದು ಒಳ್ಳೆಯದು. ಹಾಗಾಗಿ ಇದು.

ಪದದ ಅರ್ಥ

ನೇಚರಲಿಸ್ಟ್ ಅಂದರೆ ಪ್ರಕೃತಿಯನ್ನು ಅಭ್ಯಾಸ ಮಾಡುವವರು. ನೇಚರಿಸ್ಟ್ ಅಂದರೆ ಒಪ್ಪಿಕೊಂಡವರ ಜೊತೆ, ಅದಕ್ಕೆಂದೇ ಇರುವ ಜಾಗದಲ್ಲಿ, ಬಟ್ಟೆ ಇಲ್ಲದೆ ಕಾಲ ಕಳೆಯುವವರು. ಇವರಿಗೊಂದು ಅಂತರರಾಷ್ಟ್ರೀಯ ಒಕ್ಕೂಟವೂ ಇದೆ. ಅದು 1953ರಲ್ಲಿ ಫ್ರಾನ್ಸಿನ ಮೊಂಟಾಲಿವೆ ಎಂಬ ಕಡಲ ತೀರದ ಊರಿನಲ್ಲಿ ಹುಟ್ಟಿತು. 1974ರಲ್ಲಿ ಅದು ನೇಚರಿಸಂಗೆ ಒಂದು ವ್ಯಾಖ್ಯೆ ಕೊಟ್ಟಿತು. ಅದರ ಸಾರ ಇಷ್ಟು: ಇದು ಪ್ರಕೃತಿಗೆ ಹೊಂದಿಕೊಂಡು ಬಾಳುವ ಒಂದು ರೀತಿ. ಎಲ್ಲರೂ ಒಟ್ಟಾಗಿ ಬೆತ್ತಲಾಗಿರುವುದು ಅದರ ಗುರುತು. ತನ್ನ ಬಗ್ಗೆ, ಬೇರೆಯವರ ಬಗ್ಗೆ, ಪರಿಸರದ ಬಗ್ಗೆ ಗೌರವ ಬೆಳೆಸುವುದು ಅದರ ಉದ್ದೇಶ. ಲೈಂಗಿಕತೆಯ ಮಾತು ಇದರಲ್ಲಿ ಎಲ್ಲೂ ಇಲ್ಲ. ಮೊದಲ ಸಲ ಕೇಳಿದವರು ಎಡವುವುದು ಇಲ್ಲಿಯೇ.

ಜರ್ಮನಿಯಲ್ಲಿ ಇದಕ್ಕೆ 'ಫ್ರೈಕೋರ್ಪರ್‌ಕುಲ್ಟೂರ್' ಅನ್ನುತ್ತಾರೆ. ಬಿಡುಮೈ ಸಂಸ್ಕೃತಿ ಅನ್ನಬಹುದು. ಬೋರ್ಡುಗಳ ಮೇಲೆ ಸುಮ್ನೆ 'ಎಫ್‌ಕೆಕೆ' ಅಂತ ಮೂರಕ್ಷರ ಇರುತ್ತದೆ. ಮಕ್ಕಳನ್ನು ನೋಡಲು ಆ ಕಡೆ ಹೋಗುವ ಅಪ್ಪ ಅಮ್ಮಂದಿರು ಈ ಮೂರಕ್ಷರ ನೆನಪಿಟ್ಟುಕೊಂಡರೆ ಸಾಕು. ಬಟ್ಟೆ ಹಾಕಿಕೊಂಡಿರುವ ನಮ್ಮಂಥವರಿಗೆ ಅವರು ಇಟ್ಟಿರುವ ಹೆಸರು 'ಟೆಕ್ಸ್‌ಟೈಲ್'. ನನಗೆ ಇದು ತುಂಬಾ ಹಿಡಿಸಿತು.

ಕನ್ನಡದಲ್ಲಿ ಹೇಳಲು ಹೊರಟರೆ ಒಂದು ತೊಡಕು. ಬರಿಮೈ ಅಂದರೆ ನಮ್ಮಲ್ಲಿ ಅಂಗಿ ಇಲ್ಲದಿರುವುದು. ಪಂಚೆ ಇದ್ದೇ ಇರುತ್ತದೆ. ಬೆತ್ತಲೆ ಅಂದ ಕೂಡಲೇ ನಾಚಿಕೆ, ಅವಮಾನ ಕೂಡ ಜೊತೆಗೆ ಬರುತ್ತವೆ. ದಿಗಂಬರ ಅಂದರೆ ಕೈ ಮುಗಿಯುತ್ತೇವೆ. ಅವರು ಹೇಳುವುದು ಈ ಮೂರರಲ್ಲಿ ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ನೇಚರಿಸ್ಟ್ ಪದವನ್ನೇ ಇಟ್ಟುಕೊಳ್ಳುತ್ತೇನೆ.

ಯಾಕೆ ಶುರುವಾಯಿತು?

ಹತ್ತೊಂಬತ್ತನೇ ಶತಮಾನದ ಕೊನೆಯ ಯೂರೋಪ್ ನೆನಪಿಸಿಕೊಳ್ಳಿ. ಕಾರ್ಖಾನೆ ಹೊಗೆ, ಬೆಳಕೇ ಬಾರದ ಮನೆಗಳು, ಕತ್ತಿನಿಂದ ಹಿಮ್ಮಡಿವರೆಗೆ ಬಿಗಿದ ಬಟ್ಟೆ. ಮಕ್ಕಳಲ್ಲಿ ಮೂಳೆ ಸೊಟ್ಟಗಾಗುವ ಕಾಯಿಲೆ, ದೊಡ್ಡವರಲ್ಲಿ ಕ್ಷಯ. ಅದೇ ಹೊತ್ತಿಗೆ ಬೆಳಕಿನಿಂದಲೂ ಚಿಕಿತ್ಸೆ ಮಾಡಬಹುದು ಅಂತ ವೈದ್ಯರಿಗೆ ಗೊತ್ತಾಗುತ್ತಿತ್ತು. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕಂಡುಹಿಡಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಬಂತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಲೇಸಾಂ ಎಂಬಲ್ಲಿ ಆಗಸ್ಟ್ ರೋಲಿಯೇ ಎಂಬ ವೈದ್ಯ ಕ್ಷಯರೋಗಿಗಳನ್ನು ಬಿಸಿಲಿಗೆ ಮಲಗಿಸುವ ಆಸ್ಪತ್ರೆ ತೆರೆದ. ಮೈಗೆ ಗಾಳಿ ಬಿಸಿಲು ತಾಗಲಿ ಅನ್ನುವ ಮಾತಿನ ಬೇರು ಇಲ್ಲಿದೆ. ಜರ್ಮನಿಯಲ್ಲಿ ಅದು ಕ್ಲಬ್ಬುಗಳಾಗಿ ಬೆಳೆಯಿತು.

ಒಂದು ವಿಚಿತ್ರ ಅಂದರೆ, ಗೊತ್ತಿರುವ ಮೊದಲ ನೇಚರಿಸ್ಟ್ ಸಂಘ ಹುಟ್ಟಿದ್ದು ನಮ್ಮ ದೇಶದಲ್ಲಿ. 1891ರಲ್ಲಿ ಮುಂಬೈ ಪಕ್ಕದ ಠಾಣೆಯಲ್ಲಿದ್ದ ಚಾರ್ಲ್ಸ್ ಕ್ರಾಫರ್ಡ್ ಎಂಬ ಬ್ರಿಟಿಷ್ ನ್ಯಾಯಾಧೀಶ ಅದನ್ನು ಕಟ್ಟಿದ. ಸದಸ್ಯರು ಮೂರೇ ಜನ. ಆತನಿಗೆ ವರ್ಗವಾಯಿತು, ಸಂಘವೂ ಮುಗಿಯಿತು. ಬ್ರಿಟಿಷರ ಕೋಟು ಟೈ ಹಾಕಿಕೊಂಡು ಮುಂಬೈ ಸೆಕೆಯಲ್ಲಿ ಕೋರ್ಟು ನಡೆಸುವವನಿಗೆ ಈ ಯೋಚನೆ ಬಂದದ್ದರಲ್ಲಿ ನನಗಂತೂ ಆಶ್ಚರ್ಯ ಇಲ್ಲ.

ಆಮೇಲಿನದನ್ನು ಬೇಗ ಹೇಳುತ್ತೇನೆ. 1933ರಲ್ಲಿ ನಾಜಿಗಳು ಜರ್ಮನಿಯ ಕ್ಲಬ್ಬುಗಳನ್ನು ನಿಷೇಧಿಸಿದರು. ಯುದ್ಧ ಮುಗಿದ ಮೇಲೆ, 1950ರಲ್ಲಿ, ಆಲ್ಬೆರ್ ಮತ್ತು ಕ್ರಿಸ್ಟೀನ್ ಲೆಕೋಕ್ ದಂಪತಿ ಮೊಂಟಾಲಿವೆಯಲ್ಲಿ ನೇಚರಿಸ್ಟ್ ರಜಾ ಕೇಂದ್ರ ತೆರೆದರು. 1961ರಲ್ಲಿ ಇವತ್ತಿನ ಕ್ರೊವೇಷಿಯಾದ ಕೋವರ್ಸಾದಾದಲ್ಲಿ ದೊಡ್ಡ ರೆಸಾರ್ಟ್ ಬಂತು. ಕಮ್ಯುನಿಸ್ಟ್ ಪೂರ್ವ ಜರ್ಮನಿಯ ಬೀಚುಗಳಲ್ಲಂತೂ ಇದು ಸಾಮಾನ್ಯ ಜನರ ರೂಢಿಯೇ ಆಯಿತು.

ಸಣ್ಣ ಕ್ಯಾಂಪ್ ಅಂದರೆ ಎಷ್ಟು ಸಣ್ಣದು?

ದೊಡ್ಡ ರೆಸಾರ್ಟುಗಳಲ್ಲಿ ಸಾವಿರಾರು ಜನ ಇರುತ್ತಾರೆ. ಅಂಗಡಿ, ಹೋಟೆಲು ಎಲ್ಲ ಇರುತ್ತದೆ. ನಮ್ಮ ಅತಿಥಿಗಳು ಹೋಗುವುದು ಅಂಥ ಕಡೆ ಅಲ್ಲ. ಹಳ್ಳಿಗಾಡಿನಲ್ಲಿ ಒಬ್ಬ ರೈತನೋ, ನಿವೃತ್ತರೋ ತಮ್ಮ ಜಮೀನಿನ ಒಂದು ಮೂಲೆಯಲ್ಲಿ ನಡೆಸುವ ಜಾಗ. ಒಂದು ಬಗೆಯಲ್ಲಿ ನಮ್ಮ ಹೋಂಸ್ಟೇ ಇದ್ದ ಹಾಗೆ. ಆದರೆ ಕೋಣೆ ಬದಲು ಟೆಂಟ್ ಹಾಕುವ ತಾಣ ಬಾಡಿಗೆಗೆ ಸಿಗುತ್ತದೆ.

ಫ್ರಾನ್ಸಿನ ನಿಯಮದ ಪ್ರಕಾರ ಆರು ತಾಣ ಅಥವಾ ಇಪ್ಪತ್ತು ಜನ ಮೀರದ ಕ್ಯಾಂಪಿಗೆ ದೊಡ್ಡ ಅನುಮತಿ ಬೇಡ. ಸ್ಥಳೀಯ ಆಡಳಿತಕ್ಕೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದರೆ ಸಾಕು. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದರಲ್ಲಿ ಹೆಚ್ಚೆಂದರೆ ಮೂವತ್ತು ತಾಣ, ವರ್ಷಕ್ಕೆ ಆರು ತಿಂಗಳು ಮಾತ್ರ. ಎರಡಕ್ಕೂ ಬೇಕಾದ್ದು ಸಾಧಾರಣ: ನೀರು, ಶೌಚಾಲಯ, ಪಾತ್ರೆ ತೊಳೆಯುವ ಸಿಂಕು.

ಕರೆಂಟಿನ ವಿಷಯ ಹೇಳದೆ ಬಿಟ್ಟರೆ, ಒಮ್ಮೆ ಇಂಥ ಕ್ಯಾಂಪಿನಲ್ಲಿ ಉಳಿದು ಬಂದ ತಮ್ಮ ಬೈಯುತ್ತಾನೆ. ಅಲ್ಲಿ ಒಂದು ತಾಣಕ್ಕೆ ಆರೋ ಹತ್ತೋ ಆಂಪಿಯರ್ ಅಂತ ಲೆಕ್ಕ. ಆರು ಆಂಪಿಯರ್ ಅಂದರೆ 230 ವೋಲ್ಟಿಗೆ ಸುಮಾರು 1,380 ವಾಟ್. ಎರಡು ಸಾವಿರ ವಾಟಿನ ಕೆಟಲ್ ಹಾಕಿದರೆ ಟಪ್ಪಂತ ಟ್ರಿಪ್ ಆಗುತ್ತದೆ. ಆಮೇಲೆ ಓನರನ್ನು ಹುಡುಕಿಕೊಂಡು ಹೋಗಬೇಕು. ಬಟ್ಟೆ ಇಲ್ಲದ ಊರಿನಲ್ಲಿ ಅವನಿಗಾದ ನಿಜವಾದ ಕಿರಿಕಿರಿ ಇದೊಂದೇ ಅಂತೆ.

ಅಲ್ಲಿ ಒಂದು ದಿನ

ತಮ್ಮ ಮತ್ತವನ ಹೆಂಡತಿ ಅಂಥ ಕ್ಯಾಂಪಿಗೆ ಹೋಗಿದ್ದು ಬೇಕಂತ ಅಲ್ಲ. ಎರಡು ವರ್ಷದ ಹಿಂದೆ ಫ್ರಾನ್ಸಿನ ದಕ್ಷಿಣದಲ್ಲಿ ಕಾರು ಓಡಿಸಿಕೊಂಡು ಹೋಗುವಾಗ ಮೊಬೈಲಿನಲ್ಲಿ ಅಗ್ಗದ ಕ್ಯಾಂಪ್ ನೋಡಿ ಬುಕ್ ಮಾಡಿದರು. ಕೆಳಗಿನ ಸಾಲು ಓದಲಿಲ್ಲ. ಸಂಜೆ ಏಳಕ್ಕೆ ಗೇಟಿನ ಹತ್ತಿರ ಕಾರು ನಿಲ್ಲಿಸಿದರೆ, ಎಪ್ಪತ್ತರ ಆಸುಪಾಸಿನ ಮನುಷ್ಯ ತಳ್ಳುಗಾಡಿಯಲ್ಲಿ ಹುಲ್ಲು ತುಂಬಿಕೊಂಡು ಬಂದ. ತಲೆಯ ಮೇಲೆ ಹುಲ್ಲಿನ ಟೋಪಿ, ಕಾಲಿಗೆ ಚಪ್ಪಲಿ. ಮಧ್ಯದಲ್ಲಿ ಏನೂ ಇಲ್ಲ. ಇವರ ಮುಖ ನೋಡಿಯೇ ಆತನಿಗೆ ಅರ್ಥವಾಯಿತಂತೆ. 'ಬೇರೆ ಕ್ಯಾಂಪ್ ಇಪ್ಪತ್ತು ಕಿಲೋಮೀಟರ್ ದೂರ. ಇರುವುದಾದರೆ ಇರಿ, ಮೊದಲ ದಿನ ಯಾರೂ ಬಲವಂತ ಮಾಡುವುದಿಲ್ಲ' ಅಂದ. ಬೆಳಿಗ್ಗೆಯಿಂದ ಕಾರು ಓಡಿಸಿ ಸುಸ್ತಾಗಿತ್ತು. ಇದ್ದರು. ಮೂರು ದಿನ ಇದ್ದರು.

ಬೆಳಿಗ್ಗೆ ಎಂಟಕ್ಕೆ ಬ್ರೆಡ್ಡು. ಹಿಂದಿನ ಸಂಜೆ ಚೀಟಿಯಲ್ಲಿ ಹೆಸರು ಬರೆದಿಟ್ಟರೆ ಓನರು ಊರಿನಿಂದ ತಂದು ಕೊಡುತ್ತಾನೆ. ಆ ಹೊತ್ತಿಗೆ ಚಳಿ. ಅರ್ಧಕ್ಕರ್ಧ ಜನ ಮೇಲೆ ಸ್ವೆಟರ್ ಹಾಕಿಕೊಂಡು, ಕೆಳಗೆ ಏನೂ ಇಲ್ಲದೆ ಸಾಲಿನಲ್ಲಿ ನಿಂತಿದ್ದರಂತೆ. ಬೆತ್ತಲೆಗಿಂತ ಅದೇ ತಮಾಷೆಯಾಗಿ ಕಂಡಿತು ಅಂದ. ಇದರಲ್ಲಿ ಒಂದು ವಿಷಯ ಇದೆ. ಅವರು ಬಟ್ಟೆಯ ವಿರೋಧಿಗಳಲ್ಲ. ಚಳಿಯಾದರೆ ಹಾಕಿಕೊಳ್ಳುತ್ತಾರೆ. ಒಗ್ಗರಣೆ ಹಾಕುವಾಗ ಏಪ್ರನ್ ಕಟ್ಟುತ್ತಾರೆ, ಎಣ್ಣೆ ಸಿಡಿಯುತ್ತದೆ ಅಲ್ವಾ. ಸೌದೆ ಒಡೆಯುವಾಗ ಬೂಟು ಹಾಕುತ್ತಾರೆ. ಬೇಡವಾದಾಗ ತೆಗೆದಿಡುತ್ತಾರೆ.

ಹಗಲು ನಡೆಯುವುದೆಲ್ಲ ಯಾವ ಕ್ಯಾಂಪಿನಲ್ಲಾದರೂ ನಡೆಯುವುದೇ. ಪಾತ್ರೆ ತೊಳೆಯುವುದು, ಪುಸ್ತಕ ಓದುವುದು, ಕಬ್ಬಿಣದ ಗುಂಡು ಎಸೆಯುವ ಪೆಟಾಂಕ್ ಆಟ, ನಿದ್ದೆ. ಸ್ನಾನದ ಮನೆ ಎಲ್ಲರಿಗೂ ಸೇರಿ ಒಂದೇ. ಬಾಗಿಲು ಇರುವುದು ಶೌಚಾಲಯಕ್ಕೆ ಮಾತ್ರ. ಸಂಜೆ ಸೊಳ್ಳೆ ಬಂದ ಕೂಡಲೇ ಎಲ್ಲರೂ ಪ್ಯಾಂಟು ಅಂಗಿ ಹಾಕಿಕೊಂಡರು. 'ಇಡೀ ದಿನ ಮಾತಾಡಿಸಿದವರ ಗುರುತೇ ಸಿಗಲಿಲ್ಲ' ಅಂದಳು ತಮ್ಮನ ಹೆಂಡತಿ.

ಮುಜುಗರ ಎಷ್ಟು ಹೊತ್ತು ಇತ್ತು ಅಂತ ಅವಳನ್ನೇ ಕೇಳಿದೆ. ಮೊದಲ ಬೆಳಿಗ್ಗೆ ಟೆಂಟಿನೊಳಗೇ ಒಂದು ಗಂಟೆ ಕೂತಿದ್ದಳಂತೆ. ಹೊರಗೆ ಬಂದ ಮೇಲೆ ಹತ್ತು ನಿಮಿಷ. ಆಮೇಲೆ ಯಾರೂ ನೋಡುತ್ತಿಲ್ಲ ಅಂತ ಗೊತ್ತಾಯಿತು. ಸಿಸೇರಿಯನ್ ಗೀರು, ಹೊಟ್ಟೆ, ಆಪರೇಷನ್ ಆದ ಮಂಡಿ, ಎಲ್ಲರಿಗೂ ಏನೋ ಒಂದು ಇತ್ತು. ಎಲ್ಲರೂ ಹಾಗೇ ಇರುವಾಗ ನೋಡಲು ವಿಶೇಷ ಏನೂ ಉಳಿಯುವುದಿಲ್ಲ. ಸಂಬಳ ಎಷ್ಟು, ಯಾವ ಬ್ರಾಂಡಿನ ಅಂಗಿ, ಇದ್ಯಾವುದೂ ಕಾಣುವುದಿಲ್ಲ ಅನ್ನುವುದು ಅವಳಿಗೆ ಹಿಡಿಸಿತ್ತು. ತಮ್ಮನಿಗೆ ಅಷ್ಟೇನೂ ಹಿಡಿಸಲಿಲ್ಲ. ಮತ್ತೆ ಹೋಗುವುದಿಲ್ಲ ಅಂದ.

ನಿಯಮ ಜಾಸ್ತಿ, ಕಮ್ಮಿ ಅಲ್ಲ

ಬಟ್ಟೆಯೇ ಇಲ್ಲ ಅಂದಮೇಲೆ ಇನ್ಯಾವ ನಿಯಮ ಅಂತ ಅನ್ನಿಸುತ್ತದೆ. ಆದರೆ ಇಂಥ ಜಾಗ ನಿಂತಿರುವುದೇ ನಿಯಮದ ಮೇಲೆ.

ಮೊದಲನೆಯದು ಟವೆಲ್. ಎಲ್ಲಿಗೆ ಹೋದರೂ ಹೆಗಲ ಮೇಲೆ ಒಂದು ಟವೆಲ್ ಇರಲೇಬೇಕು. ಕುರ್ಚಿ, ಬೆಂಚು, ಗೋಡೆ, ಎಲ್ಲಿ ಕೂತರೂ ಅದನ್ನು ಹಾಸಿಯೇ ಕೂರಬೇಕು. ಇದು ಸ್ವಚ್ಛತೆಗೆ. ಬೇರೆಯವರ ಟವೆಲ್ ಮೇಲೆ ಕೂರುವುದು ನಮ್ಮಲ್ಲಿ ಎಂಜಲು ತಟ್ಟೆಗೆ ಕೈ ಹಾಕಿದಷ್ಟೇ ಕೆಟ್ಟದ್ದು.

ಎರಡನೆಯದು ಕ್ಯಾಮೆರಾ. ಫೋನ್ ತೆಗೆದು ನಿಮ್ಮ ಹೆಂಡತಿಯ ಫೋಟೋ ತೆಗೆಯುವುದಾದರೂ ಹಿಂದೆ ಯಾರಿದ್ದಾರೆ ನೋಡಬೇಕು. ಬಹಳ ಕಡೆ ಪೂರ್ತಿ ನಿಷೇಧ. ಕೆಲವು ಕಡೆ ಫೋನಿನ ಕಣ್ಣಿಗೆ ಸ್ಟಿಕ್ಕರ್ ಅಂಟಿಸುತ್ತಾರೆ.

ದಿಟ್ಟಿಸಿ ನೋಡುವಂತಿಲ್ಲ. ಯಾರದೇ ಮೈಯ ಬಗ್ಗೆ, ಹೊಗಳಿಕೆಯಾದರೂ ಸರಿ, ಮಾತಾಡುವಂತಿಲ್ಲ. ಲೈಂಗಿಕ ವರ್ತನೆ ಕಂಡರೆ ಅದೇ ಗಳಿಗೆಯಲ್ಲಿ ಹೊರಗೆ. ಕುಟುಂಬಗಳೂ ಬರುವುದರಿಂದ ಈ ವಿಷಯದಲ್ಲಿ ಸಡಿಲ ಇಲ್ಲ. ಹಲವು ಕ್ಯಾಂಪುಗಳು ಗುರುತಿನ ಚೀಟಿ ಕೇಳುತ್ತವೆ, ಕೆಲವು ಸಂಘದ ಸದಸ್ಯತ್ವವನ್ನೂ ಕೇಳುತ್ತವೆ.

ಈಜುಕೊಳದಲ್ಲಿ ನಿಯಮ ತಿರುಗುಮುರುಗು. ಬೇರೆ ಕಡೆ ನಿಮ್ಮಿಷ್ಟ, ಕೊಳದಲ್ಲಿ ಮಾತ್ರ ಬಟ್ಟೆ ಹಾಕಿಕೊಂಡು ಇಳಿಯುವಂತಿಲ್ಲ. ಇಲ್ಲದಿದ್ದರೆ ಕೆಲವರು ಬಟ್ಟೆಯಲ್ಲಿ ಕೂತು ಉಳಿದವರನ್ನು ನೋಡುವ ಪ್ರೇಕ್ಷಕರಾಗುತ್ತಾರೆ.

ನನಗೆ ಇದು ಅರ್ಥವಾದದ್ದು ನಮ್ಮ ಬಚ್ಚಲುಮನೆಯಿಂದ. ನೀರು ತುಂಬುವ ಹಬ್ಬದ ಮರುದಿನ, ಎಣ್ಣೆ ಸ್ನಾನದ ಹೊತ್ತಿಗೆ, ಅಪ್ಪ ಚಿಕ್ಕಪ್ಪಂದಿರು ಲಂಗೋಟಿಯಲ್ಲಿ ಹಂಡೆ ಪಕ್ಕ ಕೂತು ಮೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಅದೇ ಲಂಗೋಟಿಯಲ್ಲಿ ಜಗಲಿಗೆ ಬಂದಿದ್ದರೆ ಅಜ್ಜಿ ಬಿಡುತ್ತಿರಲಿಲ್ಲ. ಮೈ ಅದೇ. ಬಚ್ಚಲಿನ ಹೊಸ್ತಿಲು ದಾಟಿದರೆ ಅರ್ಥ ಬೇರೆ. ಕ್ಯಾಂಪಿನ ಬೇಲಿ ಮಾಡುವ ಕೆಲಸವೂ ಅದೇ. ಅದಕ್ಕೇ ಎತ್ತರದ ಪೊದೆ ಬೇಲಿ, ಮುಚ್ಚಿದ ಗೇಟು, ಹೊರಗೆ ಬೋರ್ಡು.

ನಮ್ಮ ಜಿಲ್ಲೆ ಕಂಡ ಬೆತ್ತಲೆ

ಶಿವಮೊಗ್ಗ ಜಿಲ್ಲೆಯವರಿಗೆ ಈ ವಿಷಯ ತೀರಾ ಹೊಸದೂ ಅಲ್ಲ. ಹನ್ನೆರಡನೇ ಶತಮಾನದಲ್ಲಿ ಉಡುಪು ತೊರೆದು ಕೂದಲನ್ನೇ ಹೊದ್ದು ನಡೆದ ಅಕ್ಕಮಹಾದೇವಿ ಶಿಕಾರಿಪುರ ತಾಲ್ಲೂಕಿನ ಉಡುತಡಿಯವಳು. ಹೊಸನಗರ ತಾಲ್ಲೂಕಿನ ಹೊಂಬುಜಕ್ಕೆ ದಿಗಂಬರ ಮುನಿಗಳು ಬರುತ್ತಾರೆ. ಇವೆರಡೂ ವೈರಾಗ್ಯ. ಇರುವುದನ್ನೆಲ್ಲ ಬಿಟ್ಟವರು ಕೊನೆಗೆ ಬಟ್ಟೆಯನ್ನೂ ಬಿಟ್ಟರು. ನೇಚರಿಸ್ಟರು ಏನನ್ನೂ ಬಿಟ್ಟವರಲ್ಲ. ಅವರಿಗೆ ಅದು ರಜೆ. ಸೋಮವಾರ ಮತ್ತೆ ಪ್ಯಾಂಟು ಹಾಕಿ ಆಫೀಸಿಗೆ ಹೋಗುತ್ತಾರೆ.

ಮೂರನೆಯದು ಸೊರಬ ತಾಲ್ಲೂಕಿನ ಚಂದ್ರಗುತ್ತಿ. ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ರೇಣುಕಾಂಬೆಯ ಗುಡ್ಡ ಹತ್ತುವ ಹರಕೆ ಅಲ್ಲಿತ್ತು. ಹರಕೆ ತೀರಿಸುತ್ತಿದ್ದವರಲ್ಲಿ ಬಡ, ಕೆಳಜಾತಿಯ ಹೆಂಗಸರು ಜಾಸ್ತಿ. ನೋಡಲು, ಫೋಟೋ ತೆಗೆಯಲು ಬೇರೆ ಜನ ಸೇರುತ್ತಿದ್ದರು. 1986ರ ಮಾರ್ಚಿನಲ್ಲಿ ಇದನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಹಲ್ಲೆ ನಡೆಯಿತು. ಅವರನ್ನೂ ಬೆತ್ತಲೆ ಮಾಡಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ನಮ್ಮಲ್ಲಿ ಬೆತ್ತಲೆ ಅಂದ ಕೂಡಲೇ ಹಿರಿಯರ ಮುಖ ಗಂಭೀರವಾಗುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಒಬ್ಬರು ಬಟ್ಟೆ ಇಲ್ಲದೆ, ಸಾವಿರ ಜನ ಬಟ್ಟೆ ಹಾಕಿಕೊಂಡು ನೋಡುತ್ತ. ಈಜುಕೊಳದ ಆ ತಿರುಗುಮುರುಗು ನಿಯಮ ಬೇಡ ಅನ್ನುವುದು ಇಂಥದ್ದನ್ನೇ.

ಕಾನೂನು ಏನು ಹೇಳುತ್ತದೆ?

ಫ್ರಾನ್ಸಿನಲ್ಲಿ ತಪ್ಪಾಗುವುದು ಲೈಂಗಿಕ ಪ್ರದರ್ಶನವನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಬೇರೆಯವರ ಮೇಲೆ ಹೇರಿದಾಗ. ಬೇಲಿ ಹಾಕಿ, ಬೋರ್ಡು ಇಟ್ಟು, ಒಪ್ಪಿದವರನ್ನೇ ಒಳಗೆ ಬಿಟ್ಟರೆ ಹೇರಿದ ಹಾಗೆ ಆಗುವುದಿಲ್ಲ. ಇಂಗ್ಲೆಂಡಿನಲ್ಲೂ ಬರೀ ಬೆತ್ತಲೆಯಾಗಿರುವುದೇ ಅಪರಾಧ ಅಲ್ಲ. ಬೇರೆಯವರನ್ನು ಹೆದರಿಸುವ, ನೋಯಿಸುವ ಉದ್ದೇಶ ಇದ್ದರೆ ಅಪರಾಧ.

ನಮ್ಮಲ್ಲಿ ಇಂಥ ಕ್ಯಾಂಪಿಗೆಂದೇ ಪರವಾನಗಿ ಅಂತ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ ನೋಡಬೇಕು. ಹಳೆಯ ದಂಡಸಂಹಿತೆಯಲ್ಲಿ ಇದು 294 ಆಗಿತ್ತು. ಸಾರ್ವಜನಿಕ ಸ್ಥಳದಲ್ಲಿ, ಬೇರೆಯವರಿಗೆ ಕಿರಿಕಿರಿಯಾಗುವಂತೆ ಅಶ್ಲೀಲ ಕೆಲಸ ಮಾಡಿದರೆ ಮೂರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳ್ಳದ ದಂಡೆ, ಜಲಪಾತ, ಕಾಡಿನ ದಾರಿ ಎಲ್ಲ ನಾಲ್ಕು ಜನ ಓಡಾಡುವ ಜಾಗ. ತೋಟ ನಮ್ಮದೇ ಆದರೂ ಅಡಿಕೆ ಕೊನೆ ಕೊಯ್ಯುವವರು ಬರುತ್ತಾರೆ, ಸೊಪ್ಪಿಗೆ ಬರುತ್ತಾರೆ, ದನ ಹುಡುಕಿಕೊಂಡು ಪಕ್ಕದವರು ಬರುತ್ತಾರೆ. ಅದರಲ್ಲೂ ಕೊನೆಗಾರ ಮರದ ತುದಿಯಲ್ಲಿ ಇರುತ್ತಾನೆ. ಎಷ್ಟು ಎತ್ತರದ ಬೇಲಿ ಹಾಕಿದರೆ ಏನು ಬಂತು?

ಇನ್ನೊಂದು ಕಡೆಯನ್ನೂ ನೆನಪಿಡಬೇಕು. ಅತಿಥಿ ಕೋಣೆಯಲ್ಲೋ, ಸ್ನಾನದಲ್ಲೋ ಇರುವಾಗ ಯಾರಾದರೂ ಇಣುಕಿ ಫೋಟೋ ತೆಗೆದರೆ ಅದು ಅವರ ತಪ್ಪು. ಒಪ್ಪಿಗೆ ಇಲ್ಲದೆ ಒಬ್ಬರ ಗುಪ್ತಾಂಗದ ಚಿತ್ರ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಇ ಪ್ರಕಾರ ಮೂರು ವರ್ಷದವರೆಗಿನ ಜೈಲಿನ ಅಪರಾಧ. ಕೆಲಸದವರಿಗೆ ಇದನ್ನು ಹೇಳಿಡುವುದು ಓನರ ಕೆಲಸ.

ಉಂಬಳ, ಉಣುಗು, ಮಳೆ

ಕಾನೂನು ಪಕ್ಕಕ್ಕಿಡಿ. ಮಲೆನಾಡು ಬಿಡಬೇಕಲ್ಲ.

ದಕ್ಷಿಣ ಫ್ರಾನ್ಸಿನ ಬೇಸಿಗೆ ಒಣ ಬೇಸಿಗೆ. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನ್‌ನಿಂದ ತೋಟಕ್ಕೆ ಕಾಲಿಟ್ಟರೆ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಪ್ಯಾಂಟು, ಬೂಟು, ಸಾಕ್ಸಿನ ಒಳಗೇ ನುಗ್ಗುವ ಹುಳಕ್ಕೆ ಇನ್ನು ಏನೂ ಇಲ್ಲದಿದ್ದರೆ ಕೇಳಬೇಕೆ?

ಮಳೆ ನಿಂತ ಮೇಲೆ ಉಣುಗಿನ ಕಾಲ. ಇದು ತಮಾಷೆ ಅಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದರ ವೈರಸ್ಸು ಹರಡುವುದು ಉಣುಗು ಕಚ್ಚಿ. ಕಾಯಿಲೆ ಹೆಚ್ಚಾಗಿ ಕಾಣಿಸುವುದು ಡಿಸೆಂಬರಿನಿಂದ ಮೇವರೆಗೆ. ಅಂದರೆ ಪ್ರವಾಸಿಗಳು ಬರುವ ಕಾಲವೇ. ಒಮ್ಮೆಲೇ ಜ್ವರ, ತಲೆನೋವು, ಮೈಕೈ ನೋವು. ಕೆಲವರಿಗೆ ರಕ್ತಸ್ರಾವ. ಕಾಯಿಲೆ ಬಂದ ನೂರರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ಕಾಡಿಗೆ ಹೋಗುವಾಗ ಮೈ ತುಂಬಾ ಬಟ್ಟೆ ಹಾಕಿ, ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಅಂತ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದು ಹೇಳುತ್ತಾರೆ.

ಯೂರೋಪಿನಲ್ಲೂ ಉಣುಗು ಇದೆ, ಅದು ಲೈಮ್ ಎಂಬ ಕಾಯಿಲೆ ತರುತ್ತದೆ. ಅದಕ್ಕೇ ಅಲ್ಲಿನ ಕ್ಯಾಂಪುಗಳಲ್ಲಿ ಹುಲ್ಲನ್ನು ಗಿಡ್ಡ ಕತ್ತರಿಸಿರುತ್ತಾರೆ. ಕಾಡಿನ ನಡಿಗೆಗೆ ಬೂಟು ಹಾಕಿ ಹೋಗಿ, ಬಂದ ಮೇಲೆ ಮೈ ಪೂರ್ತಿ ಪರೀಕ್ಷೆ ಮಾಡಿಕೊಳ್ಳುತ್ತಾರೆ. ತಳ್ಳುಗಾಡಿಯ ಆ ಅಜ್ಜ ಸಂಜೆ ಏಳಕ್ಕೂ ಹುಲ್ಲು ಕೊಯ್ಯುತ್ತಿದ್ದದ್ದು ಯಾಕೆ ಅಂತ ತಮ್ಮನಿಗೆ ಆಮೇಲೆ ಹೊಳೆಯಿತು.

ನಾನು ಬರೆದ ಉತ್ತರ

ಫ್ರಾನ್ಸಿನವರಿಗೆ ನಿಜ ಹೇಳಿದೆ. ನಾನು ನೇಚರಲಿಸ್ಟ್ ಅಂತ ಓದಿದ್ದು, ಇಲ್ಲಿನ ಕಾನೂನು, ಉಣುಗು, ಮರದ ಮೇಲಿನ ಕೊನೆಗಾರ, ಎಲ್ಲ ಬರೆದೆ. ಕೋಣೆ ಮತ್ತು ಬಚ್ಚಲು ನಿಮ್ಮದು, ಅಲ್ಲಿ ನಿಮ್ಮಿಷ್ಟ. ಹೊರಗೆ ಬಟ್ಟೆ ಬೇಕೇ ಬೇಕು ಅಂದೆ. ಬರುವುದಿಲ್ಲ ಅಂದುಕೊಂಡಿದ್ದೆ. ಜನವರಿಯಲ್ಲಿ ಬಂದರು.

ನಾಲ್ಕು ದಿನ ಇದ್ದರು. ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸಿನೊಳಗೆ ಸಿಕ್ಕಿಸಿ, ಎಣ್ಣೆ ಹಚ್ಚಿಕೊಂಡು ಮಂಗಟ್ಟೆ ನೋಡಿ ಬಂದರು. ಹಂಡೆ ನೀರಿನ ಬಚ್ಚಲಿಗೆ ಹೋದರೆ ಒಂದೊಂದು ಗಂಟೆ ಹೊರಗೆ ಬರುತ್ತಿರಲಿಲ್ಲ, ಸೌದೆ ನಾನೇ ತುಂಬಬೇಕಿತ್ತು. ಸಂಜೆ ಜಗಲಿಯಲ್ಲಿ ಕಾಫಿಗೆ ಕರೆದರೆ ಇಬ್ಬರೂ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬರುತ್ತಿದ್ದರು. ಮೈ ತುಂಬಾ ಬಟ್ಟೆ ಇದ್ದರೂ ಕುರ್ಚಿಯ ಮೇಲೆ ಅದನ್ನು ನೀಟಾಗಿ ಹಾಸಿ, ಆಮೇಲೆ ಕೂರುತ್ತಿದ್ದರು.